ಚಿಲಕವಿಲ್ಲದ ಬಾಗಿಲು

ಹನ್ನೊಂದು ವರ್ಷ ನಾನು ಚಾಮರಾಜನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಆ ಕೆಲಸವನ್ನು ಜಗಳವಾಡಿ ಬಿಟ್ಟದ್ದಲ್ಲ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಒಬ್ಬರು ಮುದುಕರು ತೀರಿಕೊಂಡರು. ಹೊರಗೆ ಕೂತಿದ್ದ ಅವರ ಮಗಳಿಗೆ ವಿಷಯ ಹೇಳಿದವಳು ನಾನೇ. ಆಕೆ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದಾಗ, ಮನೆಗೆ ಹೋಗುವಾಗ ಕೊತ್ತಂಬರಿ ಸೊಪ್ಪು ತೆಗೆದುಕೊಳ್ಳಬೇಕು ಎಂದು ನಾನು ಯೋಚಿಸುತ್ತಿದ್ದೆ. ಅದು ಅರಿವಿಗೆ ಬಂದಾಗಲೂ ನಾಚಿಕೆಯಾಗಲಿಲ್ಲ. ಆ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಹೋಗಲಿಲ್ಲ.

ಚಂದಕವಾಡಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾಲ್ಕು ತಿಂಗಳು ಹೊತ್ತಿಗೆ ಸರಿಯಾಗಿ ಎದ್ದೆ, ಉಂಡೆ, ಟಿವಿ ಮುಂದೆ ಕೂತೆ. ನೋಡಿದ್ದು ಯಾವ ಧಾರಾವಾಹಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಮೈಗೇನಾರ ಉಸಾರಿಲ್ವಾ ಕಣಮ್ಮಿ?" ಎಂದು ಅವ್ವ ಕೇಳುತ್ತಿದ್ದಳು.

"ಉಸಾರಾಗೇ ಇವ್ನಿ ಕಣವ್ವ."

ಅದು ಸುಳ್ಳೇನಲ್ಲ. ನನಗೆ ಎಲ್ಲೂ ನೋಯುತ್ತಿರಲಿಲ್ಲ.

ಪಿಯುಸಿಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದ್ದ ಮೇಡಂ ಆಗ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಸಿಕ್ಕವರು, "ನಮ್ಮ ಹೆಣ್ಣುಮಕ್ಕಳು ದಿನಾ ತಲೆನೋವು ಅಂತಾರೆ, ತಲೆ ಸುತ್ತಿ ಬೀಳ್ತಾರೆ. ಒಂದು ವಾರ ಬಂದು ನೋಡಮ್ಮ" ಎಂದರು. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಹೋದೆ.

ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಮೇಜು, ಮಂಚ ಹಾಕಿಕೊಟ್ಟರು. ರಕ್ತಹೀನತೆ ಇರಬೇಕೆಂದು ಬೆರಳು ಚುಚ್ಚಿ ರಕ್ತ ನೋಡಿದೆ. "ಬೆಳಗ್ಗೆ ಏನು ತಿಂದೆ?" ಎಂದು ಎಲ್ಲರನ್ನೂ ಕೇಳಿದೆ. ಸೊಪ್ಪು, ರಾಗಿ, ಮೊಳಕೆ ಕಾಳು ಎಂದೆಲ್ಲ ಹೇಳಿದೆ. ವಾರ್ಡಿನ ರೋಗಿಗಳಂತೆಯೇ ಅವರೂ ತಲೆಯಾಡಿಸಿದರು.

ಭೀಮನಬೀಡಿನಿಂದ ಬರುತ್ತಿದ್ದ ಒಬ್ಬ ಹುಡುಗಿ ದಿನವೂ ಮಧ್ಯಾಹ್ನ ತಲೆನೋವಿನ ಮಾತ್ರೆಗೆ ಬರುತ್ತಿದ್ದಳು. ನಾಲ್ಕನೆಯ ದಿನ ನಾನು ಮಾತ್ರೆ ಕೊಡದೆ ಒಂದು ಲೋಟ ನೀರು ಕೊಟ್ಟೆ. ಅವಳು ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟಳು.

"ಪೂರ್ತಿ ಕುಡಿ."

"ಬ್ಯಾಡಿ ಮೇಡಂ."

"ಯಾಕೆ?"

ಅವಳು ಬಾಗಿಲ ಕಡೆ ನೋಡಿದಳು. "ಕುಡುದ್ರೆ ಟಾಯ್ಲೆಟ್ಟಿಗೆ ಓಗ್ಬೇಕಾಯ್ತದೆ."

"ಹೋಗು, ಅದಕ್ಕೇನು?"

"ಅಲ್ಲಿ ಚಿಲ್ಕ ಇಲ್ಲ ಮೇಡಂ. ಒಬ್ರು ಒರ್ಗಡೆ ನಿಂತು ಬಾಗ್ಲ ಇಡ್ಕಬೇಕು. ಓದ್ಸಲ ನಾನು ಒಳ್ಗಿದ್ದಾಗ್ಲೇ ಯಾರೋ ಬಾಗ್ಲ ತಳ್ಬುಟ್ರು. ಅವತ್ನಿಂದ ಬೆಳುಗ್ಗೆ ಮನೆ ಬುಟ್ರೆ ಸಾಯಂಕಾಲ ಮನೇಗೋಗೇ ನೀರು ಕುಡ್ಯದು."

"ನೀನೊಬ್ಬಳೇನಾ?"

"ಎಲ್ರೂವೆ."

ಹೋಗಿ ನೋಡಿದೆ. ಮೂರು ಬಾಗಿಲು. ಎರಡರಲ್ಲಿ ಸ್ಕ್ರೂ ಕಿತ್ತುಬಂದ ತೂತುಗಳು. ಮೂರನೆಯದಕ್ಕೆ ಯಾರೋ ಹಳೆಯ ದುಪಟ್ಟಾದ ಚೂರು ಕಟ್ಟಿದ್ದರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಅದು ತಾನಾಗಿ ತೆರೆದುಕೊಂಡಿತು. ಮತ್ತೆ ಎಳೆದು ಕೈಯಲ್ಲಿ ಹಿಡಿದುಕೊಂಡು ನಿಂತೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇದನ್ನು ಸರಿಮಾಡಬೇಕು ಎಂಬುದಷ್ಟೇ ಹೊಳೆಯಿತು.

ನಾನು ಹೇಳಿದ್ದನ್ನು ಕೇಳಿ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬಳೂ ನನಗೆ ಹೇಳಲಿಲ್ಲವಲ್ಲ."

"ನಾವು ಕೇಳಲಿಲ್ಲ ಮೇಡಂ. ನಾನೂ ತಿಂಡಿ ತಿಂದ್ಯಾ ಅಂತಲೇ ಕೇಳ್ತಿದ್ದೆ."

ಮರುದಿನವೇ ಬಡಗಿ ಬಂದ. ಮೂರೂ ಚಿಲಕ ಹಾಕಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ. ಹುಡುಗಿಯರನ್ನು ಸೇರಿಸಿ, "ಚಿಲಕ ಹಾಕಿಸಿದೆ, ಇನ್ನು ನೀರು ಕುಡೀರಿ" ಎಂದೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು.

ತಲೆನೋವಿನ ಮಾತ್ರೆ ಕೇಳುವವರು ಕಡಿಮೆಯಾದರು, ಆದರೆ ಕೋಣೆಗೆ ಬರುವವರು ಹೆಚ್ಚಾದರು. ಉರಿಮೂತ್ರ, ಮುಟ್ಟಿನ ಹೊಟ್ಟೆನೋವು, ಪರೀಕ್ಷೆಯ ಭಯ, ನಿಶ್ಚಯವಾಗಿಬಿಟ್ಟ ಮದುವೆ. ಒಂದು ವಾರ ಎಂದು ಹೋದವಳು ಆ ವರ್ಷವಿಡೀ ಹೋದೆ. ಇದನ್ನೇ ಕೆಲಸ ಮಾಡಿಕೋ ಎಂದು ಪ್ರಿನ್ಸಿಪಾಲರು ಹೇಳಿದ ಮೇಲೆ ಆಪ್ತಸಮಾಲೋಚನೆಯ ಡಿಪ್ಲೊಮಾಕ್ಕೆ ಅಂಚೆ ಮೂಲಕ ಸೇರಿಕೊಂಡು, ಪಾಠಗಳನ್ನು ಬಸ್ಸಿನಲ್ಲೇ ಓದಿ ಪಾಸಾದೆ. ಕಾಲೇಜಿನವರು ವಿದ್ಯಾರ್ಥಿ ಆರೋಗ್ಯ ಸಲಹೆಗಾರ್ತಿ ಎಂದು ಆದೇಶಪತ್ರ ಕೊಟ್ಟರು.

ಅವ್ವನಿಗೆ ತೋರಿಸಿದೆ. "ಏನ್ ಕೆಲ್ಸಮ್ಮಿ ಅದು?"

"ಮಕ್ಕಳು ಯೋಳದ್ನ ಕೂತ್ಕಂಡು ಕೇಳದು."

"ಅದ್ಕೂ ಸಂಬ್ಳ ಕೊಟ್ಟರಾ?"

ಭೀಮನಬೀಡಿನ ಹುಡುಗಿ ಡಿಗ್ರಿ ಮುಗಿಸಿಕೊಂಡು ಹೋದಳು. ಈ ಕೆಲಸ ನನ್ನನ್ನು ಮೊದಲಿನಂತೆ ಮಾಡಿತೇ ಎಂದು ಕೇಳಿದರೆ ಹೌದೆನ್ನಲಾರೆ. ಹೋದ ತಿಂಗಳು ಒಬ್ಬಳು ಎದುರಿಗೆ ಕೂತು ಅಪ್ಪನ ಕುಡಿತದ ವಿಷಯ ಹೇಳಿ ಬಹಳ ಹೊತ್ತು ಅತ್ತಳು. ನನ್ನ ಕಣ್ಣು ತುಂಬಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ, ಒಂದು ಮಾತೂ ತಪ್ಪದೆ.

ಎದ್ದು ಹೋಗುವಾಗ, "ನಾಳೇನೂ ಬರ್ಲಾ ಮೇಡಂ?" ಎಂದಳು.

"ಬಾ" ಎಂದೆ. ಮರುದಿನ ರಜೆ ಹಾಕಬೇಕೆಂದಿದ್ದೆ. ಹಾಕಲಿಲ್ಲ.