ಬೆನ್ನಿಗೆ ಕಂಬಿ ಹಾಕಿಸಿಕೊಂಡ ಮೇಲೆ

ನಾನು ಎರಡನೇ ಪಿಯುಸಿ ಓದುತ್ತಿದ್ದ ವರ್ಷ ನನ್ನ ಬೆನ್ನುಮೂಳೆ ಸೊಟ್ಟಗಿದೆ ಎಂಬುದು ಗೊತ್ತಾಯಿತು. ಅಲ್ಲಿಯವರೆಗೆ ಮನೆಯಲ್ಲಿ ಅದನ್ನು ಸೋಮಾರಿತನ ಎಂದೇ ತಿಳಿದಿದ್ದರು. ನನ್ನ ಒಂದು ಭುಜ ಮೇಲಿದ್ದರೆ ಇನ್ನೊಂದು ಕೆಳಗಿರುತ್ತಿತ್ತು. ಚೂಡಿದಾರದ ವೇಲು ಯಾವಾಗಲೂ ಎಡಗಡೆಗೇ ಜಾರುತ್ತಿತ್ತು. "ನೆಟ್ಟಗೆ ನಿಂತ್ಕೊಳೇ, ಏನದು ವಾಲ್ಕೊಂಡು" ಎಂದು ಅಮ್ಮ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು. ನಾನು ನೆಟ್ಟಗೇ ನಿಂತಿರುತ್ತಿದ್ದೆ.

ಒಂದು ಭಾನುವಾರ ಅಮ್ಮ ನನಗೆ ಎಣ್ಣೆ ತಿಕ್ಕುತ್ತಿದ್ದಾಗ ಅವಳ ಕೈ ಬೆನ್ನ ಮೇಲೆ ನಿಂತುಬಿಟ್ಟಿತು. ಬಲಗಡೆ ಏನೋ ಉಬ್ಬಿತ್ತು. "ಬಗ್ಗು ನೋಡಣ" ಎಂದಳು. ಬಗ್ಗಿದೆ. ಬೆನ್ನಿನ ಒಂದು ಪಕ್ಕ ಗುಡ್ಡದ ಹಾಗೆ ಎದ್ದು ನಿಂತಿತಂತೆ. ಆಮೇಲೆ ಅಮ್ಮ ತುಂಬ ದಿನ ನನಗೆ ನೆಟ್ಟಗೆ ನಿಲ್ಲು ಎಂದು ಹೇಳಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ ಅದನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. "ನಂದಿಬೆಟ್ಟ ಹತ್ತೋ ರಸ್ತೆ ತರ ಐತಲ್ಲ ಸಾರ್" ಎಂದರು. ಡಾಕ್ಟರು ನಕ್ಕರು. ಇದಕ್ಕೆ ಸ್ಕೋಲಿಯೋಸಿಸ್ ಅನ್ನುತ್ತಾರೆ, ಯಾರ ತಪ್ಪೂ ಅಲ್ಲ, ಕೂತ ರೀತಿಯಿಂದಾಗಲಿ ಹೊತ್ತ ಬ್ಯಾಗಿನಿಂದಾಗಲಿ ಬಂದದ್ದಲ್ಲ ಎಂದು ಬಿಡಿಸಿ ಹೇಳಿದರು. ಬೆನ್ನಿನ ಉದ್ದಕ್ಕೂ ಎರಡು ಕಂಬಿ ಇಟ್ಟು, ಸ್ಕ್ರೂ ಹಾಕಿ, ಮೂಳೆಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ ಮಾಡುತ್ತಾರಂತೆ. ಕೂಡಿದ ಭಾಗ ಆಮೇಲೆ ಬಗ್ಗುವುದಿಲ್ಲವಂತೆ.

"ಖೋ ಖೋ ಆಡ್ಬೋದಾ ಸಾರ್?" ಎಂದು ಕೇಳಿದೆ. ನಾನು ಕಾಲೇಜು ಟೀಮಿನಲ್ಲಿದ್ದೆ.

"ಮೊದ್ಲು ನಡಿಯಮ್ಮ. ಆಟದ ಮಾತು ಆಮೇಲೆ" ಎಂದರು.

ಪರೀಕ್ಷೆ ಮುಗಿದ ಮೇಲೆ, ಬೇಸಿಗೆಯಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಬೆನ್ನಿಗೆ ಬಾಗಿಲಿನ ಹಲಗೆ ಕಟ್ಟಿ ಮಲಗಿಸಿದ ಹಾಗಿತ್ತು. ನೋವಿನ ವಿಷಯ ಹೆಚ್ಚು ಬರೆಯುವುದಿಲ್ಲ, ಇತ್ತು, ಬೇಕಾದಷ್ಟಿತ್ತು. ಮಗ್ಗುಲಾಗಬೇಕಾದರೆ ಭುಜ ಸೊಂಟ ಕಾಲು ಎಲ್ಲವನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳುವ ಹಾಗೆ ಉರುಳಿಸಬೇಕಿತ್ತು. ಹಾಗೆ ಉರುಳಿ, ಕಾಲು ಕೆಳಗಿಟ್ಟು, ನರ್ಸಿನ ಕೈ ಹಿಡಿದು ಮೊದಲ ಸಲ ನಿಂತಾಗ ನನಗೆ ಕಂಡದ್ದು ಅಮ್ಮನ ಬೈತಲೆ. ಅದನ್ನು ನಾನು ಮೇಲಿನಿಂದ ಯಾವತ್ತೂ ನೋಡಿರಲಿಲ್ಲ. ಸೊಟ್ಟಗಿದ್ದದ್ದು ನೆಟ್ಟಗಾಗಿ ನಾನು ಎತ್ತರವಾಗಿದ್ದೆ.

"ಅಮ್ಮ, ನಿನ್ ತಲೇಲಿ ಬಿಳಿಕೂದಲು" ಎಂದೆ.

ಅಳುತ್ತಿದ್ದವಳು ಹಾಗೇ ನಕ್ಕುಬಿಟ್ಟಳು.

ಶಿಡ್ಲಘಟ್ಟಕ್ಕೆ ಬಂದ ಮೇಲೆ ನಿಜವಾದ ಪಜೀತಿ ಶುರುವಾಯಿತು. ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುಗಿಸಬಾರದು. ನಮ್ಮದೋ ನೆಲದ ಮೇಲೇ ಬದುಕುವ ಮನೆ. ಊಟ ನೆಲದ ಮೇಲೆ, ತರಕಾರಿ ಹೆಚ್ಚುವುದು ನೆಲದ ಮೇಲೆ, ಪಾಯಿಖಾನೆಯಲ್ಲಿ ಕುಕ್ಕರಗಾಲು. ಅಪ್ಪ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಿ ತಂದರು. ಊಟಕ್ಕೆ ಇನ್ನೊಂದು ಕುರ್ಚಿ ಬಂತು. ಮನೆಯವರೆಲ್ಲ ಕೆಳಗೆ ಸಾಲಾಗಿ ಕೂತು ಮುದ್ದೆ ಮುರಿಯುವಾಗ ನಾನೊಬ್ಬಳು ಮೇಲೆ ಕೂತು ಎಲ್ಲರ ತಟ್ಟೆಯನ್ನೂ ನೋಡುತ್ತಿದ್ದೆ.

ಕೆಳಗೆ ಬಿದ್ದದ್ದನ್ನು ಕಾಲ್ಬೆರಳಿನಿಂದ ಎತ್ತುವುದನ್ನು ಕಲಿತೆ. ಬಾಚಣಿಗೆ, ಟವಲು, ಹೇರ್‌ಪಿನ್ನು, ಎಲ್ಲವನ್ನೂ ಎತ್ತುತ್ತಿದ್ದೆ. ಒಂದು ದಿನ ಪೆನ್ನು ಎತ್ತಿ ಕೈಗೆ ತಂದುಕೊಳ್ಳುವಾಗ ಅಜ್ಜಿ ನೋಡಿದಳು. "ಪೆನ್ನು ಸರಸ್ವತಿ ಕಣೇ, ಕಾಲಲ್ಲಿ ಮುಟ್ತೀಯಾ" ಎಂದು ಗದರಿದಳು. ಮತ್ತೆ ಸ್ವಲ್ಪ ಯೋಚಿಸಿ, "ಆಯ್ತು, ಎತ್ಕೊಂಡ್ ಮೇಲೆ ಕಣ್ಣಿಗೊತ್ಕೊ" ಎಂದು ರಿಯಾಯಿತಿ ಕೊಟ್ಟಳು.

ಈ ಅಜ್ಜಿ ಅಪ್ಪನ ತಾಯಿ. ಚಿಂತಾಮಣಿಯಿಂದ ಆಚೆ, ಆಂಧ್ರದ ಗಡಿಯ ಹತ್ತಿರ ಹುಟ್ಟಿದವಳು. ಪ್ರೀತಿ ಬಂದರೂ ಸಿಟ್ಟು ಬಂದರೂ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದು ಡಾಕ್ಟರು ಎಷ್ಟು ವರ್ಷದಿಂದ ಹೇಳುತ್ತಿದ್ದರೋ ಅಷ್ಟೇ ವರ್ಷದಿಂದ ಅವಳು ಮಂಡಿ, ಬಿಸಿಲು, ನಾಯಿ, ನೆಂಟರು ಎಂದು ನೆಪ ಹೇಳುತ್ತಿದ್ದಳು. ನನಗೂ ಡಾಕ್ಟರು ಹೇಳಿದ್ದ ವ್ಯಾಯಾಮ ಸದ್ಯಕ್ಕೆ ಅದೊಂದೇ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರಾದ್ದರಿಂದ ಬೆಳಿಗ್ಗೆಯೇ ಹೊರಡಬೇಕಿತ್ತು. "ಇಬ್ರೂ ಜೊತೇಲಿ ಹೋಗಿ. ಅವಳು ಬೀಳದ ಹಾಗೆ ನೀವು ನೋಡ್ಕೊಳಿ ಅತ್ತೆ, ನೀವು ತಪ್ಪಿಸ್ಕೊಳ್ದೆ ಇರೋ ಹಾಗೆ ಅವಳು ನೋಡ್ಕೊಳ್ಲಿ" ಎಂದು ತೀರ್ಮಾನ ಮಾಡಿದಳು.

ಮೊದಲು ಬೀದಿಯ ಮೂಲೆಯವರೆಗೆ ಹೋಗಿ ಬರುತ್ತಿದ್ದೆವು. ಆಮೇಲೆ ದೇವಸ್ಥಾನದವರೆಗೆ. ಬಲ ಬಂದ ಹಾಗೆ ಕೆರೆ ಏರಿಯ ತನಕ. ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳು ಸುಮಾರಿದ್ದವು. ಬೇಯುವ ಗೂಡಿನ ವಾಸನೆ, ಕಿಟಕಿಯಿಂದ ಬರುವ ಹಬೆ, ಒಳಗೆ ಚಕ್ರ ತಿರುಗುವ ಸದ್ದು. ಅಜ್ಜಿ ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಪ್ರತಿ ಬಾಗಿಲಲ್ಲೂ ನನ್ನನ್ನು ನಿಲ್ಲಿಸಿ ಆಪರೇಷನ್ನಿನ ಕಥೆ ಹೇಳುತ್ತಿದ್ದಳು. ಕಥೆ ಮನೆಯಿಂದ ಮನೆಗೆ ಬೆಳೆಯುತ್ತಿತ್ತು. ಮೂಲೆಮನೆಯಲ್ಲಿ ಬರೀ ಕಂಬಿಯಾಗಿದ್ದದ್ದು ದೇವಸ್ಥಾನದ ಹತ್ತಿರ ಬರುವಷ್ಟರಲ್ಲಿ ಬೆಳ್ಳಿಯ ಕಂಬಿಯಾಗುತ್ತಿತ್ತು.

"ಮಳೆ ಬಂದಾಗ ಸಿಡಿಲು ಹೊಡಿಯಲ್ವಾ?" ಎಂದು ಒಬ್ಬಾಕೆ ಕೇಳಿದರು. ಇನ್ನೊಬ್ಬಾಕೆಗೆ ಅಯಸ್ಕಾಂತದ ಚಿಂತೆ. "ಕಬ್ಬಿಣ ಅಂಟ್ಕೊಳ್ತದೇನಮ್ಮ ಬೆನ್ನಿಗೆ?"

"ಅಂಟ್ಕೊಂಡ್ರೆ ನಿಮ್ಮನೆ ಬೀರು ಅಂಟ್ಕೊಳ್ಲಿ, ಹಂಗೇ ಮನೆಗೆ ತಗೊಂಡ್ ಹೋಗ್ತೀವಿ" ಎಂದಳು ಅಜ್ಜಿ.

ನಗಬಾರದು ಎಂದುಕೊಂಡೆ. ನಕ್ಕರೆ ಬೆನ್ನು ನೋಯುತ್ತಿತ್ತು. ಆದರೂ ಕೆರೆ ಏರಿ ಮುಟ್ಟುವತನಕ ನಗುತ್ತಲೇ ಹೋದೆ.

ಕೆಲವು ತಿಂಗಳಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿಯ ಹತ್ತಿರ ಹೋಗತೊಡಗಿದೆವು. ಹುಡುಗಿ ಎಂದೇ ಅನ್ನಬೇಕು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವುದು, ಒಂಟಿಕಾಲಲ್ಲಿ ನಿಲ್ಲುವುದು, ಮಲಗಿ ಹೊಟ್ಟೆ ಬಿಗಿಹಿಡಿದು ಕಾಲೆತ್ತುವುದು, ಇವನ್ನೆಲ್ಲ ಅವಳು ಕಲಿಸಿದಳು. ಅಜ್ಜಿ ಪಕ್ಕದಲ್ಲಿ ಕೂತು ಕಾಯಬೇಕಿತ್ತು. ಕೂರದೆ ತಾನೂ ಒಂಟಿಕಾಲಲ್ಲಿ ನಿಂತು ನೋಡುತ್ತಿದ್ದಳು.

ಹೆಚ್ಚುಕಡಿಮೆ ವರ್ಷ ತುಂಬಿತು. ಬೆಂಗಳೂರಿನ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ ಎಂದರು. "ಇನ್ಮೇಲೆ ಓಡು, ಸೈಕಲ್ ಹೊಡಿ, ಈಜು. ಪಲ್ಟಿ ಗಿಲ್ಟಿ ಹೊಡೀಬೇಡ ಅಷ್ಟೆ."

ಎಷ್ಟು ದಿನದಿಂದ ಕಾದಿದ್ದ ಮಾತು. ಆದರೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ನಿಂತರೆ ಕಾಲೇ ಏಳಲಿಲ್ಲ. ಒಂದು ವರ್ಷ ಮನೆಮಂದಿಯೆಲ್ಲ ನನ್ನನ್ನು ಗಾಜಿನ ಲೋಟದಂತೆ ನೋಡಿಕೊಂಡಿದ್ದರು, ನಾನೂ ಗಾಜಿನ ಲೋಟವೇ ಆಗಿದ್ದೆ. ಓಡಿದರೆ ಒಳಗಿನ ಸ್ಕ್ರೂ ಒಂದು ಕಳಚಿ ಬಿದ್ದು ಟಣ್ ಎಂದು ಸದ್ದಾಗುತ್ತದೆ ಅನ್ನಿಸುತ್ತಿತ್ತು. ಇವತ್ತು ಬಿಸಿಲು, ನಾಳೆ ನೆಗಡಿ ಎಂದು ತಳ್ಳುತ್ತ ಹೋದೆ. ಈಗ ನೆಪ ಹೇಳುವ ಸರದಿ ನನ್ನದು.

"ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ" ಎಂದಳು ಫಿಸಿಯೋ ಹುಡುಗಿ. "ಬಲವಂತ ಬೇಡ. ಬೇಗ ಬೇಗ ನಡೀತಿರಿ, ಸಾಕು."

ಆ ದಿನವೇ ಸಂಜೆ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಿಂತಾಮಣಿಗೆ ಹೋಗುವ ಪ್ರೈವೇಟ್ ಬಸ್ಸು ಹತ್ತಿದೆವು. ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು. ಅಜ್ಜಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತ ತಕ್ಷಣ ಅವಳಿಗೆ ಸೀಬೆಹಣ್ಣಿನ ಗಾಡಿ ಕಾಣಿಸಿತು. "ಕಾಯಿ ಕಾಯಿ ಇರೋದು ತಗೊಂಬಾ, ಅದು ಸಕ್ಕರೆಗೆ ಏನೂ ಮಾಡಲ್ಲ" ಎಂದಳು. ಇಳಿದೆ. ಗಾಡಿಯವನು ಹಣ್ಣು ಸೀಳಿ ಉಪ್ಪುಕಾರ ಸವರುತ್ತಿದ್ದಾಗ ಹಿಂದಿನ ಬಸ್ಸಿನವನು ಒಂದೇ ಸಮ ಹಾರನ್ ಹೊಡೆದ. ನಮ್ಮ ಬಸ್ಸು ಹೊರಟೇಬಿಟ್ಟಿತು.

ಕಿಟಕಿಯಿಂದ ಅಜ್ಜಿಯ ಅರ್ಧ ಮೈ ಆಚೆ ಬಂತು. "ಆಪಂಡ್ರಾ, ನಾ ಮನವರಾಲು ಕಿಂದ ಉಂದಿ" ಎಂದು ಬಸ್ಸಿನ ತಗಡನ್ನು ಬಡಿಯುತ್ತ ಕೂಗುತ್ತಿದ್ದಳು. ಮೊಮ್ಮಗಳು ಕೆಳಗಿದ್ದಾಳೆ ಅನ್ನುವುದು ಇಡೀ ಬಸ್‌ಸ್ಟ್ಯಾಂಡಿಗೆ ಗೊತ್ತಾಯಿತು, ಡ್ರೈವರನ ಹೊರತು.

ನಾನು ಓಡಿದೆ. ಓಡಬೇಕು ಎಂದು ಯೋಚಿಸಲಿಲ್ಲ. ಒಂದು ಕೈಯಲ್ಲಿ ಸೀಬೆಹಣ್ಣಿನ ಪೊಟ್ಟಣ, ಇನ್ನೊಂದರಲ್ಲಿ ವೇಲು. ಹೂವಿನ ಬುಟ್ಟಿಗಳ ಪಕ್ಕದಲ್ಲಿ, ನಿಂತ ಆಟೋಗಳ ನಡುವೆ, ಗೇಟಿನ ತಿರುವಿನವರೆಗೆ ಓಡಿದೆ. ಬಸ್ಸು ಅಲ್ಲಿ ನಿಧಾನವಾದಾಗ ಬಾಗಿಲಿನ ಕಂಬಿ ಹಿಡಿದೆ. ಕಂಡಕ್ಟರ್ ಕೈ ಕೊಟ್ಟು ಮೇಲೆ ಎಳೆದುಕೊಂಡ.

ಅಜ್ಜಿ ಅವನ ಮೇಲೆ ಎರಡು ಭಾಷೆಯಲ್ಲೂ ಹರಿಹಾಯ್ದಳು. "ಬೆನ್ನಲ್ಲಿ ಕಂಬಿ ಐತೆ ಮಗೂಗೆ, ದೊಡ್ಡ ಆಪರೇಷನ್ ಆಗೈತೆ, ಓಡಿಸ್ತೀಯಲ್ಲಪ್ಪ, ನಿಂಗೆ ಬುದ್ಧಿ ಐತಾ?"

ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಜ್ಜಿ, ಕಂಬಿ ಇದ್ದೇ ಹಿಂಗೆ ಓಡ್ತಾಳಲ್ಲ, ಇಲ್ದಿದ್ರೆ ಬಸ್ಸಿಗಿಂತ ಮುಂಚೆ ಶಿಡ್ಲಘಟ್ಟ ಸೇರ್ತಿದ್ಲು."

ಬಸ್ಸೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು. ನಾನು ಏದುಸಿರು ಬಿಡುತ್ತ ಸೀಟಿನಲ್ಲಿ ಕೂತು ಬೆನ್ನಿನ ಕಡೆ ಗಮನ ಕೊಟ್ಟು ಕಾದೆ. ಎಲ್ಲೂ ಏನೂ ಕಳಚಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬೆನ್ನು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನೆಟ್ಟಗೆ ಕೂತಿತ್ತು. ಸೀಬೆಹಣ್ಣು ತಿನ್ನುತ್ತ ನನಗೆ ಅಳು ಬಂತು. "ಕಾರ ಜಾಸ್ತಿ ಆಯ್ತೇನಮ್ಮ?" ಎಂದಳು ಅಜ್ಜಿ. ಹೂಂ ಎಂದೆ.

ಮಾರನೆಯ ದಿನದಿಂದ ಮೈದಾನದಲ್ಲಿ ಓಡತೊಡಗಿದೆ. ಅರ್ಧ ಸುತ್ತು ಓಟ, ಮಿಕ್ಕದ್ದು ನಡಿಗೆ. ಹೋಗ್ತಾ ಹೋಗ್ತಾ ಓಟ ಹೆಚ್ಚಿತು, ನಡಿಗೆ ಕಡಿಮೆಯಾಯಿತು. ಅದೇ ಮೈದಾನದ ಒಂದು ಬದಿಯಲ್ಲಿ ನನ್ನ ಹಳೆಯ ಟೀಮಿನವರು ಖೋ ಖೋ ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ಕರೆದರು. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತೆ, ಅದು ಬಂತು. ಖೋ ಸಿಕ್ಕಿತು, ಎದ್ದು ಓಡಿದೆ, ಅದೂ ಬಂತು. ಆದರೆ ಕಂಬದ ಹತ್ತಿರ ಮೈ ತಿರುಚಿ, ಬಗ್ಗಿ, ಕೈ ಚಾಚಿ ಮುಟ್ಟಬೇಕಾದಾಗ ಬೆನ್ನು ಬರಲಿಲ್ಲ. ನೋವೇನೂ ಇಲ್ಲ, ಅಲ್ಲಿ ಬಗ್ಗುವುದಕ್ಕೆ ಏನೂ ಇರಲಿಲ್ಲ, ಅಷ್ಟೆ. ಎದುರಿನ ಹುಡುಗಿ ನುಸುಳಿ ಹೋದಳು. ಆಮೇಲೆ ಕೆಲವು ವಾರ ನಾನು ಮೈದಾನ ಬಿಟ್ಟು ಕೆರೆ ಏರಿಯ ಮೇಲೆ ಓಡಿದೆ.

ಡಿ.ಎಡ್. ಮುಗಿಸಿ ಗೌರಿಬಿದನೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಸಂಜೆ ಶಾಲೆಯ ಅಂಗಳದಲ್ಲಿ ನೆಟ್ ಕಟ್ಟಿ ಟೀಚರುಗಳು ಶಟಲ್ ಆಡುತ್ತಿದ್ದರು. ಅಲ್ಲಿ ಅಲೀಪುರದಿಂದ ಬರುತ್ತಿದ್ದ ಒಬ್ಬ ಮೇಡಂ ಇದ್ದರು, ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು, ಗಿಡ್ಡ ಆಳು, ಬಲು ಚುರುಕು. ನಾನು ಕೋಲಿನ ಹಾಗೆ ನಿಂತು ಆಡುವುದನ್ನು ನೋಡಿ ಕಾರಣ ಕೇಳಿದರು. ಹೇಳಿದೆ.

"ಹಂಗಾದ್ರೆ ನಂಜೊತೆ ಆಡು" ಎಂದರು. "ಎತ್ತರದ್ದೆಲ್ಲ ನಿಂದು, ಕೆಳಗೆ ಬರೋದೆಲ್ಲ ನಂದು. ನಂಗೆ ಎತ್ತರ ಕೊಡೋದು ಅಲ್ಲಾ ಮರ್ತಿದಾನೆ, ನಿಂಗೆ ಡಾಕ್ಟರು ಜಾಸ್ತಿ ಕೊಟ್ಟವ್ರೆ."

ಆ ವರ್ಷ ಚಿಂತಾಮಣಿಯಲ್ಲಿ ಶಿಕ್ಷಕರಿಗೆ ಆಟದ ಪಂದ್ಯಗಳಿದ್ದವು. ನಾವಿಬ್ಬರೂ ಡಬಲ್ಸ್‌ಗೆ ಹೆಸರು ಕೊಟ್ಟೆವು. ಮೊದಲ ಪಂದ್ಯ ಗೆದ್ದೆವು. ಎರಡನೆಯದರಲ್ಲಿ ಎದುರಿನವರು ಸ್ಥಳೀಯರು, ನಮ್ಮ ಗುಟ್ಟನ್ನು ಬೇಗ ಕಂಡುಹಿಡಿದರು. ಶಟಲ್ ಕಾಕನ್ನು ನನ್ನ ಮುಂದೆ ನೆಟ್ಟಿನ ಬುಡಕ್ಕೇ ಹಾಕತೊಡಗಿದರು. ಮೇಡಂ ಎಷ್ಟೆಂದು ಓಡುತ್ತಾರೆ? ಒಂದು ಸಲ ಅವರು ಹಿಂದೆ ಸಿಕ್ಕಿಹಾಕಿಕೊಂಡಿದ್ದರು. ಕಾಕು ನೆಟ್ಟಿನ ಮೇಲೆ ಉರುಳಿ ಬೀಳುತ್ತಿತ್ತು. ನಾನು ಮುಂದಕ್ಕೆ ಒಂದು ದೊಡ್ಡ ಹೆಜ್ಜೆ ಹಾಕಿ, ಬೆನ್ನು ನೆಟ್ಟಗಿರುವ ಹಾಗೇ ಮಂಡಿಯನ್ನು ನೆಲಕ್ಕೆ ಊರಿ, ಬ್ಯಾಟನ್ನು ನೆಲಕ್ಕೆ ಸವರಿಕೊಂಡು ಎತ್ತಿದೆ. ಕಾಕು ನೆಟ್ ದಾಟಿ ಆಚೆ ಬಿತ್ತು. ಆ ಪಾಯಿಂಟು ನಮ್ಮದಾಯಿತು. ಪಂದ್ಯ ಅವರದಾಯಿತು.

ಆಮೇಲೆ ನೋಡಿಕೊಂಡರೆ ಚೂಡಿದಾರ ಹರಿದು ಮಂಡಿ ಕಿತ್ತುಹೋಗಿತ್ತು. ಮೇಡಂ ನೀರಿನಿಂದ ಮಣ್ಣು ತೊಳೆದು, ತಮ್ಮ ಕರ್ಚೀಫು ಕಟ್ಟಿದರು. ಊಟದ ಸಾಲಿನಲ್ಲಿ ನಾನು ಕುಂಟುತ್ತ ನಿಂತಾಗ ಎದುರಾಳಿಗಳಲ್ಲೊಬ್ಬರು ಬಂದು, "ಮಂಡಿಗೆ ಏನಾಯ್ತು ಮೇಡಂ?" ಎಂದು ಕೇಳಿದರು. ಬೆನ್ನಿಗೆ ಏನಾಯಿತು ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ವರ್ಷಗಳೇ ಆಗಿದ್ದವು. "ಆಡೋವಾಗ ಗಾಯ ಆಯ್ತು" ಎಂದು ಹೇಳುವಾಗ ನನಗೆ ಆದ ಸಂತೋಷ ಆಕೆಗೆ ಅರ್ಥವಾಗಿರಲಿಕ್ಕಿಲ್ಲ. ಬಿಸಿಬೇಳೆಬಾತು ಬಡಿಸುವವರು ಕರೆದರು. ಮೇಡಂ ನನ್ನ ತಟ್ಟೆಯನ್ನೂ ತಾವೇ ಹಿಡಿದುಕೊಂಡು ಮುಂದೆ ಹೋದರು.