ಮರ್ಯಾದೆ ಗೊತ್ತಿರುವ ಆ್ಯಪ್
ನಾರಿನ್ ಪಟ್ಟಣದ ಸೈರಕಾನ್ ಆಪಾಗೆ, ಎಂದರೆ ಸೈರಕಾನಮ್ಮನಿಗೆ, ಮನೆಮಂದಿಯ ಫೋಟೋಗಳನ್ನೆಲ್ಲ ಒಂದೇ ಚಿತ್ರದಲ್ಲಿ ಜೋಡಿಸುವ ಸುಲಭದ ಆ್ಯಪ್ ಬೇಕು. ಹಬ್ಬ ಬಂತೆಂದರೆ ಹೊಸದೊಂದನ್ನು ಹಾಕಿಸಿಕೊಂಡು, ಮಧ್ಯಾಹ್ನದೊಳಗೆ ಬೈದು ಅಳಿಸುತ್ತಾಳೆ. ಅವಳ ಪ್ರಕಾರ ಚಿತ್ರದ ಮೇಲಿನ ಸಾಲು ಹಿರಿಯರು ಕೂರುವ ಜಾಗ, ಕೆಳಗಿನ ಮೂಲೆ ಬಾಗಿಲ ಬಳಿ ಕೂತು ಬಡಿಸುವ ಕಿರಿಯರದು. "ನೋಡೇ ಚೋಲ್ಪನ್, ಇದು ನಮ್ಮ ಮಾವನವರನ್ನ ಬಾಗಿಲ ಹತ್ರ ಕೂರಿಸಿದೆ! ಮೊನ್ನೆ ಹುಟ್ಟಿದ ಕೂಸು ಮೇಲೆ! ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದು ಸೊಸೆಗೆ ತೋರಿಸುತ್ತಾಳೆ. ಮನೆಯ ಕುದುರೆಗೂ ಒಂದು ಚೌಕ ಬೇಕು, ಅದೂ ಅಳಿಯನಿಗಿಂತ ಮೇಲೆ. ಕೊನೆಗೆ ಕತ್ತರಿ, ಗೋಂದೇ ಗತಿ. ಮೇಲಿನ ಸಾಲಿನವರೆಲ್ಲ ತೀರಿಕೊಂಡು ಈಗ ಮನೆಗೆ ಅವಳೇ ಹಿರಿಯಳು. ಆದರೂ ತನ್ನ ಫೋಟೋವನ್ನು ಅಂಟಿಸುವುದು ಬಾಗಿಲ ಮೂಲೆಯಲ್ಲೇ. "ನೀವೂ ಮೇಲಿನ ಸಾಲಿಗೆ ಬನ್ನಿ ಆಪಾ" ಎಂದರೆ ಸೊಸೆಯನ್ನೇ ಗದರುತ್ತಾಳೆ: "ನಾನಲ್ಲಿ ಕೂತ್ರೆ ಇಷ್ಟು ಜನಕ್ಕೆ ಚಹಾ ಬಗ್ಗಿಸೋರು ಯಾರೇ?"