ಕಣ್ಣಿಗೆ ಬೆಳಕು ಬಿಡುತ್ತಿದ್ದ ಸಿಸ್ಟರ್

ಪ್ಲಾಸ್ಟರ್ ಸುತ್ತಿದ ಪುಟ್ಟ ಟಾರ್ಚೊಂದು ಮಕ್ಕಳ ವಾರ್ಡಿನ ಸಿಸ್ಟರ್ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ನೇತಾಡುತ್ತಿತ್ತು. ಕೆಮ್ಮಿಗೆ ಬಂದ ಕೂಸಿರಲಿ, ಭೇದಿಗೆ ಬಂದದ್ದಿರಲಿ, ಮೊದಲು ಕಣ್ಣಿಗೆ ಬೆಳಕು ಬಿಡುವರು. ಆಮೇಲೆ ತಲೆಯ ಹಿಂದೆ ನಿಂತು ಸ್ಟೀಲ್ ಲೋಟಕ್ಕೆ ಚಮಚ ಬಡಿಯುವರು. ಸಿಸ್ಟರ್‌ಗೆ ಕಾಫಿ ಬೇಕಂತೆ ಎಂದು ಎಳೆಯ ಡಾಕ್ಟರುಗಳು ನಗುತ್ತಿದ್ದರು. ತಗಡೂರಿನ ಹೆಂಗಸು, ಅದಕ್ಕೆಲ್ಲ ಸೊಪ್ಪು ಹಾಕುವ ಪೈಕಿಯಲ್ಲ.

ನಾನು ನಂಜನಗೂಡಿನ ಆ ಆಸ್ಪತ್ರೆಗೆ ಸೇರಿದ್ದು ಮೂರು ತಿಂಗಳ ಮಗಳ ಕಫಕ್ಕೆ. ಬಾಣಂತನಕ್ಕೆಂದು ಹೆಮ್ಮಿಗೆಯಿಂದ ಕವಲಂದೆಯ ತವರಿಗೆ ಬಂದಿದ್ದೆ. ಸಿಸ್ಟರ್ ಟಾರ್ಚು ಬಿಟ್ಟು ನೋಡಿದರು, ಮತ್ತೆ ನೋಡಿದರು. ಕಣ್ಣಪಾಪೆ ಬೆಳ್ಳಗಿತ್ತು. ಲೋಟ ಬಡಿದರು. ಪಕ್ಕದ ಮಂಚದ ಕೂಸು ಬೆಚ್ಚಿ ಅತ್ತಿತು. ನನ್ನದು ಸುಮ್ಮನೆ ಮಲಗಿತ್ತು.

ಬಸುರಿದ್ದಾಗ ಜ್ವರ, ಮೈಮೇಲೆ ಕೆಂಪು ದದ್ದು ಬಂದಿತ್ತೇ ಎಂದು ಡಾಕ್ಟರು ಕೇಳಿದ್ದಕ್ಕೆ ಇಲ್ಲವೆಂದೆ. ಅವರು ಹೋದ ಮೇಲೆ ಸಿಸ್ಟರ್ ಮಂಚದ ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದರು: "ಅಮ್ಮ ಬಂದಿದ್ಲೇನವ್ವ?"

ಬಂದಿದ್ದಳು. ಎರಡನೇ ತಿಂಗಳಲ್ಲಿ, ಮೂರೇ ದಿನ. ಸುದ್ದಿ ತಿಳಿದು ಹೆಮ್ಮಿಗೆಗೆ ಓಡಿಬಂದ ಅವ್ವ ಬಾಗಿಲಿಗೆ ಬೇವು ಕಟ್ಟಿ, ಮೊಸರನ್ನ ಎಡೆಯಿಟ್ಟು, ಆಸ್ಪತ್ರೆಯಲ್ಲಿ ಬಾಯಿಬಿಟ್ಟರೆ ಅಮ್ಮ ಮುನಿಯುತ್ತಾಳೆ ಎಂದಿದ್ದಳು. ದೇವರು ಮೈಮೇಲೆ ಬಂದದ್ದನ್ನು ಕಾಯಿಲೆ ಎನ್ನುವುದುಂಟೇ? ನಾನು ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

"ನಿಂದೇನ್ ತೆಪ್ಪಿಲ್ಲ. ಬಸ್ರೀಲಿ ಇಂಥ ಅಮ್ಮ ಬಂದ್ರೆ ಒಟ್ಟೇಲಿರೋ ಕೂಸಿನ್ ಕಣ್ಣು, ಕಿವಿ, ಎದೆಗೆ ಒಡ್ತ ಬೀಳ್ತದೆ. ಮದ್ವೆಗ್ ಮುಂಚೆ ಅದ್ಕೊಂದ್ ಸೂಜಿ ಆಕ್ಸಿದ್ರೆ ಇಂಗಾಯ್ತಿರ್ನಿಲ್ಲ. ಯಾರೂ ಯೋಳ್ನಿಲ್ಲ, ಅಷ್ಟೆಯ."

ಇಂಥ ಮಕ್ಕಳು ಇನ್ನೂ ಬರುತ್ತವಾ ಎಂದು ಕೇಳಿದೆ. ನಾನೊಬ್ಬಳೇ ಅಲ್ಲ ಅನ್ನಿಸಿಕೊಳ್ಳುವ ಆಸೆ.

"ಬತ್ತಾನೇ ಅವೆ ಕಣವ್ವ. ಕೆಮ್ಮು ಅಂತ ಬತ್ತವೆ, ಕೆಮ್ಮು ವಾಸಿ ಮಾಡ್ಕಂಡು ಓಯ್ತವೆ. ಕಣ್ಣು ನೋಡೋರ್ ಯಾರು?"

ಸಿಸ್ಟರೇ ರಜೆ ಹಾಕಿ ಮೈಸೂರಿಗೆ ಜೊತೆಯಲ್ಲೇ ಬಂದು, ತಡವಾಗದ ಹಾಗೆ ಕಣ್ಣಿನ ಆಪರೇಷನ್ ಮಾಡಿಸಿದರು. ಮಗಳಿಗೆ ಕಣ್ಣು ಬಂತು. ಕಿವಿ ಬರಲಿಲ್ಲ. ಎದೆಯಲ್ಲೂ ತೂತಿತ್ತು, ಅದಕ್ಕೆ ಇನ್ನೂ ಮಾತ್ರೆ ನುಂಗುತ್ತಾಳೆ. ಈಗ ಹೆಮ್ಮಿಗೆಯಲ್ಲಿ ಯಾರ ಬಾಗಿಲಿಗೆ ಬೇವು ಕಂಡರೂ ಒಳಗೆ ಬಸುರಿ ಇದ್ದಾಳೆಯೇ ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ. ಬೈಸಿಕೊಂಡದ್ದೇ ಹೆಚ್ಚು.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಮಗಳನ್ನು ಕರೆದುಕೊಂಡು ತಗಡೂರಿಗೆ ಹೋದೆ. ಹೆಣ ಎತ್ತುವಾಗ ತಮಟೆ ಶುರುವಾಯಿತು. ಬೇರೆ ಮಕ್ಕಳು ಬೆಚ್ಚಿ ಕಿವಿ ಮುಚ್ಚಿಕೊಂಡವು. ನನ್ನವಳು ದಪ್ಪ ಕನ್ನಡಕ ಸರಿಮಾಡಿಕೊಂಡು, ಚಟ್ಟ ಬೀದಿ ತಿರುಗುವವರೆಗೂ ಸಿಸ್ಟರ್ ಮುಖವನ್ನೇ ನೋಡುತ್ತ ನಿಂತಿದ್ದಳು.